ಚಿಟಿಕೆ ಉಪ್ಪು, ಹಿಡಿ ಬೆಲ್ಲ ಮತ್ತು ಒಂದು ಸಂಬಳಪಟ್ಟಿ

ಸ್ವಯಂಸೇವಾ ಸಂಸ್ಥೆಗಳ ಸಾಧನೆಯ ಮಾತು ಬಂದಲ್ಲೆಲ್ಲ ಬಾಂಗ್ಲಾದೇಶದ ಬ್ರಾಕ್‌ನ ಹೆಸರು ಬರುತ್ತದೆ. ಜತೆಗೊಂದು ಕಥೆಯೂ ಬರುತ್ತದೆ. ಉಪ್ಪು, ಬೆಲ್ಲ, ನೀರು ಬೆರೆಸುವುದನ್ನು ಮನೆಮನೆಗೆ ಹೋಗಿ ತಾಯಂದಿರಿಗೆ ಕಲಿಸಿದರು, ಕಲಿಸಿದ ಹೆಂಗಸರಿಗೆ ತಾಯಂದಿರ ನೆನಪನ್ನು ಅಳೆದು ಸಂಬಳ ಕೊಟ್ಟರು, ಭೇದಿಯಿಂದ ಸಾಯುತ್ತಿದ್ದ ಮಕ್ಕಳು ಉಳಿದರು. ಕಥೆ ನಿಜ. ಅದರ ನೀತಿಯೆಂದು ನಾವು ಹೊತ್ತು ತಂದಿರುವುದು ಮಾತ್ರ ಅರ್ಧ ತಪ್ಪು ಎಂಬುದು ನನ್ನ ತಕರಾರು.

ಮೊದಲಿಗೆ, ಮದ್ದು ಬ್ರಾಕ್‌ನದಲ್ಲ. ಗ್ಲೂಕೋಸ್ ಮತ್ತು ಲವಣಗಳ ನೀರು ಕುಡಿಸಿದರೆ ಕಾಲರಾ ರೋಗಿಗೆ ಡ್ರಿಪ್ ಏರಿಸುವ ಅಗತ್ಯ ಬಹುಪಾಲು ತಪ್ಪುತ್ತದೆ ಎಂದು 1968ರಲ್ಲೇ ಢಾಕಾದ ಕಾಲರಾ ಪ್ರಯೋಗಾಲಯದಲ್ಲಿ ಡೇವಿಡ್ ನೇಲಿನ್ ಮತ್ತು ರಿಚರ್ಡ್ ಕ್ಯಾಶ್ ತೋರಿಸಿದ್ದರು. 1971ರ ಯುದ್ಧದ ಹೊತ್ತಿಗೆ ಪಶ್ಚಿಮ ಬಂಗಾಳದ ಬೊಂಗಾಂವ್ ನಿರಾಶ್ರಿತರ ಶಿಬಿರದಲ್ಲಿ ಡ್ರಿಪ್ ಬಾಟಲಿಗಳು ಮುಗಿದುಹೋದಾಗ ಡಾ. ದಿಲೀಪ್ ಮಹಾಲನಬೀಸ್ ಅದನ್ನೇ ಡ್ರಮ್ಮುಗಳಲ್ಲಿ ಕಲಸಿಟ್ಟು ಕುಡಿಸಿದರು. ಸಾವಿನ ಪ್ರಮಾಣ ಶೇ. 30ರ ಆಸುಪಾಸಿನಿಂದ ಶೇ. 4ರ ಒಳಗೆ ಇಳಿಯಿತು. 1978ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಇದು ಶತಮಾನದ ಅತಿ ಮುಖ್ಯ ವೈದ್ಯಕೀಯ ಮುನ್ನಡೆ ಆಗಬಹುದು ಎಂದು ಬರೆಯಿತು. ಇಷ್ಟಾದರೂ ಹಳ್ಳಿಗಳಲ್ಲಿ ಮಕ್ಕಳು ಸಾಯುತ್ತಲೇ ಇದ್ದರು. ಅಲ್ಲಿಗೆ ಈ ಮದ್ದಿನ ಪೊಟ್ಟಣವೂ ಹೋಗುತ್ತಿರಲಿಲ್ಲ, ರಸ್ತೆಯೂ ಇರಲಿಲ್ಲ.

ಬ್ರಾಕ್ ಕಟ್ಟಿದ ಫಜ್ಲೆ ಹಸನ್ ಅಬೇದ್ ವೈದ್ಯರಲ್ಲ, ಲೆಕ್ಕಿಗರು. ಚಿತ್ತಗಾಂಗ್‌ನ ಶೆಲ್ ಕಂಪನಿಯಲ್ಲಿ ಹಣಕಾಸು ನೋಡಿಕೊಳ್ಳುತ್ತಿದ್ದವರು 1970ರ ಚಂಡಮಾರುತದ ಪರಿಹಾರ ಕೆಲಸಕ್ಕೆ ಇಳಿದರು. ಯುದ್ಧ ಮುಗಿದ ಮೇಲೆ ಲಂಡನ್ನಿನ ತಮ್ಮ ಫ್ಲಾಟ್ ಮಾರಿ ಬಂದ ಹಣದೊಂದಿಗೆ 1972ರಲ್ಲಿ ಸಿಲ್ಹೆಟ್ ಸೀಮೆಯ ಸುಲ್ಲಾದಲ್ಲಿ ಕೆಲಸ ಶುರು ಮಾಡಿದರು. ಭೇದಿಯ ಕಾರ್ಯಕ್ರಮದಲ್ಲಿ ಅವರ ಲೆಕ್ಕದ ಬುದ್ಧಿಯ ಗುರುತು ಎಲ್ಲೆಲ್ಲೂ ಕಾಣುತ್ತದೆ. ಮೂರು ಬೆರಳ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ಅಕ್ಷರ ಬಾರದ ತಾಯಿಗೆ ಅವಳ ಕೈಯೇ ಅಳತೆ. ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ, ಆದ್ದರಿಂದ ತಾಯಂದಿರು ಕಲಸಿದ ನೀರಿನ ಮಾದರಿಯನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದರು. ಕಾರ್ಯಕರ್ತೆ ಕಲಿಸಿಹೋದ ಕೆಲವು ವಾರಗಳ ಮೇಲೆ ಬೇರೊಬ್ಬರು ಬಂದು ಆಯ್ದ ಮನೆಗಳಲ್ಲಿ ಪ್ರಶ್ನೆ ಕೇಳುತ್ತಿದ್ದರು. ತಾಯಿಗೆ ಎಷ್ಟು ನೆನಪಿದೆಯೋ ಕಾರ್ಯಕರ್ತೆಗೆ ಅಷ್ಟು ದುಡ್ಡು. ಹೀಗೆ 1980ರಿಂದ 1990ರವರೆಗೆ ಸುಮಾರು 1.2 ಕೋಟಿ ಮನೆಗಳನ್ನು ಮುಟ್ಟಿದರು.

ಆಡಳಿತಶಾಸ್ತ್ರದ ಮೇಷ್ಟರಿಗೆ ಈ ಸಂಬಳದ ಏರ್ಪಾಡೆಂದರೆ ಬಲು ಪ್ರೀತಿ. ಫಲಿತಾಂಶಕ್ಕೆ ಹಣ ಕಟ್ಟಿದರು, ಗೆದ್ದರು ಎನ್ನುತ್ತಾರೆ. ಮುಂದೆ ನಡೆದದ್ದನ್ನು ನೋಡಿದರೆ ಅಷ್ಟು ಸಲೀಸಾಗಿ ಹೇಳಲಾಗದು. ಕಾರ್ಯಕರ್ತೆ ಕಲಿಸಿದ್ದು ಹತ್ತು ಅಂಶಗಳು; ತಾಯಂದಿರು ಹತ್ತನ್ನೂ ತಡವರಿಸದೆ ಒಪ್ಪಿಸುತ್ತಿದ್ದರು. ಮಗುವಿಗೆ ಭೇದಿಯಾದಾಗ ಆ ನೀರು ಕುಡಿಸುತ್ತಿದ್ದವರು ಮಾತ್ರ ತೀರ ಕಡಿಮೆ. ನೆನಪಿಗೆ ದುಡ್ಡು ಕೊಟ್ಟರು, ನೆನಪೇ ಸಿಕ್ಕಿತು. ಎಲ್ಲರೂ ಹೊಗಳುವ ಸಂಬಳಪಟ್ಟಿಯೇ ಸಂಸ್ಥೆಯ ಕಣ್ಣಿಗೆ ಕಟ್ಟಿದ ಪಟ್ಟಿಯೂ ಆಗಿತ್ತು.

ಅದನ್ನು ಬಿಚ್ಚಿದ್ದೂ ಬ್ರಾಕ್‌ನವರೇ, ನನ್ನ ಮೆಚ್ಚುಗೆ ಇರುವುದು ಈ ಘಟ್ಟಕ್ಕೆ. ನೆನಪಿನ ಅಂಕಗಳು ಚೆನ್ನಾಗಿಯೇ ಇದ್ದವು, ವರದಿ ಬರೆದು ದಾನಿಗಳಿಗೆ ಕಳಿಸಿ ಸುಮ್ಮನಿರಬಹುದಿತ್ತು. ಹಾಗೆ ಮಾಡದೆ ಮತ್ತೆ ಹಳ್ಳಿಗೆ ಹೋಗಿ ಯಾಕೆ ಕುಡಿಸಲಿಲ್ಲ ಎಂದು ಕೇಳಿದರು. ಸಿಕ್ಕ ಉತ್ತರಗಳು ಮುಜುಗರದವು. ಕಲಿಸಲು ಹೋದ ಹೆಂಗಸರಿಗೇ ಈ ನೀರಿನಲ್ಲಿ ನಂಬಿಕೆಯಿರಲಿಲ್ಲ, ತಮಗೆ ಭೇದಿಯಾದರೆ ಅವರು ಮಾತ್ರೆ ನುಂಗುತ್ತಿದ್ದರು. ಮನೆಯ ಗಂಡಸರಿಗೆ ಯಾರೂ ಏನೂ ಹೇಳಿರಲಿಲ್ಲ. ಇನ್ನೂ ಸೂಕ್ಷ್ಮವಾದದ್ದೊಂದಿತ್ತು: ಹಳ್ಳಿಯವರ ತಿಳಿವಳಿಕೆಯಲ್ಲಿ ಭೇದಿ ನಾಲ್ಕು ಬಗೆ. ಎದೆಹಾಲು ಕುಡಿಯುವ ಕೂಸಿನ ಭೇದಿ ಬೇರೆ, ಅಜೀರ್ಣದ್ದು ಬೇರೆ, ಆಮಶಂಕೆ ಬೇರೆ. ಇವಕ್ಕೆಲ್ಲ ಅವರವರ ಮದ್ದುಗಳಿದ್ದವು. ಬ್ರಾಕ್‌ನವರು ‘ಡಯೇರಿಯಾ’ ಎಂದಾಗ ಜನ ಅರ್ಥಮಾಡಿಕೊಂಡದ್ದು ನೀರಿನಂತೆ ಹೋಗುವ, ಜೀವಕ್ಕೇ ಬರುವ ನಾಲ್ಕನೆಯದನ್ನು ಮಾತ್ರ. ಅದಕ್ಕೆ ಕುಡಿಸುತ್ತಿದ್ದರು, ಉಳಿದವಕ್ಕೆ ಇಲ್ಲ. ಅವರು ಹೇಳಿದ್ದನ್ನು ಮೀರಿರಲೇ ಇಲ್ಲ!

ತಿದ್ದುಪಡಿ ಅಲ್ಲಿಂದ ಶುರುವಾಯಿತು. ಕಾರ್ಯಕರ್ತೆಯರನ್ನು ಢಾಕಾದ ಪ್ರಯೋಗಾಲಯಕ್ಕೆ ಕರೆದೊಯ್ದು ಮದ್ದು ಹೇಗೆ ಕೆಲಸ ಮಾಡುತ್ತದೆ ಎಂದು ತೋರಿಸಿದರು. ತಾಯಿಯ ಮುಂದೆ ತಾವೇ ಒಂದು ಗುಟುಕು ಕುಡಿದು ತೋರಿಸುವ ಪದ್ಧತಿ ಬಂತು. ಸಂತೆಯಲ್ಲಿ, ಮಸೀದಿಯಲ್ಲಿ, ಶಾಲೆಯಲ್ಲಿ ಗಂಡಸರ ಜತೆ ಮಾತು ನಡೆಯಿತು. ಹತ್ತು ಅಂಶಗಳು ಏಳಕ್ಕೆ ಇಳಿದವು. ಬಳಕೆ ಏರಿತು.

ಇದಕ್ಕೆ ತದ್ವಿರುದ್ಧದ ಉದಾಹರಣೆ ಬೇಕಿದ್ದರೆ ದಕ್ಷಿಣ ಆಫ್ರಿಕಾದ ಪ್ಲೇಪಂಪ್ ಇದೆ. ಮಕ್ಕಳು ತಿರುಗಣೆಯಲ್ಲಿ ಆಡುತ್ತ ಆಡುತ್ತಲೇ ಕೊಳವೆಬಾವಿಯ ನೀರು ಮೇಲೇರುವ ಯಂತ್ರ ಅದು. 2006ರಲ್ಲಿ ಅಮೆರಿಕದಲ್ಲಿ ಅದಕ್ಕೆ 1.64 ಕೋಟಿ ಡಾಲರ್ ನೆರವಿನ ಘೋಷಣೆಯಾಯಿತು. ನೀರಿನ ಗುರಿ ಮುಟ್ಟಬೇಕಿದ್ದರೆ ಮಕ್ಕಳು ದಿನಕ್ಕೆ 27 ಗಂಟೆ ಆಡಬೇಕಾಗುತ್ತದೆ ಎಂದು 2009ರಲ್ಲಿ ಗಾರ್ಡಿಯನ್ ಪತ್ರಿಕೆ ಲೆಕ್ಕ ಹಾಕಿ ತೋರಿಸಿತು. ಘೋಷಣೆಗೆ ಮುಂಚೆಯೇ ಮಾಡಬಹುದಾಗಿದ್ದ ಗುಣಾಕಾರ ಅದು.

ಹಾಗೆಂದು ಬ್ರಾಕ್‌ಗೆ ಪೂರ್ತಿ ಅಂಕ ಕೊಡಲಾರೆ. ತಾಯಿ ಮರೆತರೆ ಸಂಬಳ ಕಡಿತವಾಗುತ್ತಿದ್ದದ್ದು ಬಿಸಿಲಲ್ಲಿ ಗದ್ದೆಯ ಬದುವಿನ ಮೇಲೆ ನಡೆದ ಹೆಂಗಸಿಗೆ, ಢಾಕಾದಲ್ಲಿ ಯೋಜನೆ ಬರೆದವರಿಗಲ್ಲ. ಕೆಲಸಕ್ಕೆ ತಕ್ಕಷ್ಟು ಪ್ರೋತ್ಸಾಹಧನ ಎಂಬ ಏರ್ಪಾಡಿನ ಭಾರ ಯಾರ ಮೇಲೆ ಬೀಳುತ್ತದೆ ಎಂಬುದು 2025ರ ಜನವರಿಯಲ್ಲಿ ನಿಶ್ಚಿತ ಗೌರವಧನಕ್ಕಾಗಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತ ನಮ್ಮ ಆಶಾ ಕಾರ್ಯಕರ್ತೆಯರಿಗೂ ಗೊತ್ತು. ಮಕ್ಕಳ ಸಾವು ಇಳಿದ ಕೀರ್ತಿಯನ್ನು ಒಬ್ಬರಿಗೇ ಕಟ್ಟುವುದೂ ಸರಿಯಲ್ಲ. ಲಸಿಕೆ, ಹೆಣ್ಣುಮಕ್ಕಳ ಓದು, ಅಂಗಡಿಯಲ್ಲಿ ಸಿಗತೊಡಗಿದ ಓಆರ್‌ಎಸ್ ಪೊಟ್ಟಣ ಎಲ್ಲಕ್ಕೂ ಪಾಲಿದೆ. ಬೆಲ್ಲದ ನೀರಿನ ಜಾಗವನ್ನು ಈಗ ಬಹುಮಟ್ಟಿಗೆ ಪೊಟ್ಟಣವೇ ಹಿಡಿದಿದೆ. ಸಂಸ್ಥೆಯೂ ಬ್ಯಾಂಕು, ವಿಶ್ವವಿದ್ಯಾಲಯ, ಬಟ್ಟೆಯಂಗಡಿಗಳ ಸಾಲು ಎಂದು ಬೆಳೆಯಿತು. ಅಬೇದ್ 2019ರವರೆಗೆ, ಅಂದರೆ ಸಾಯುವ ವರ್ಷದವರೆಗೂ, ಅದರ ಚುಕ್ಕಾಣಿ ಹಿಡಿದಿದ್ದರು. ಇಷ್ಟು ದೊಡ್ಡ ಸಂಸ್ಥೆಯನ್ನು ಊರಿನ ಬಡವ ಮತ ಹಾಕಿ ಇಳಿಸಲಾರ. ಸರ್ಕಾರವನ್ನಾದರೆ ಇಳಿಸಬಹುದು.

ಬೆಂಗಳೂರಿನ ಕಂಪನಿಗಳ ಸಿಎಸ್‌ಆರ್ ಸಮಿತಿಗಳಲ್ಲಿ ಕೂರುವವರಲ್ಲಿ ಒಂದು ವಿನಂತಿ. ಎಷ್ಟು ಜನರಿಗೆ ತರಬೇತಿ ಕೊಟ್ಟಿರಿ ಎಂಬ ಅಂಕಣದ ಪಕ್ಕದಲ್ಲಿ ಇನ್ನೊಂದು ಅಂಕಣ ಹಾಕಿಸಿ: ಕಲಿತವರಲ್ಲಿ ಎಷ್ಟು ಮಂದಿ ಅದನ್ನು ಬಳಸಲಿಲ್ಲ, ಯಾಕೆ? ಆ ಅಂಕಣ ತುಂಬಿ ಕಳಿಸಿದ ಸಂಸ್ಥೆಯ ಅನುದಾನವನ್ನು ಅದೇ ಕಾರಣಕ್ಕೆ ಕಡಿತ ಮಾಡಬೇಡಿ. ಮತ್ತೆ ಹೋಗಿ ಕೇಳುವುದಕ್ಕೂ ಖರ್ಚಿದೆ, ಅದಕ್ಕೂ ದುಡ್ಡು ಕೊಡಿ.