ರೂವಾರಿಗಳ ಅಂಕಿತ

ಬೇಲೂರು, ಹಳೆಯಬೀಡು, ಸೋಮನಾಥಪುರಗಳ ದೇವಾಲಯಗಳನ್ನು 2023ರಲ್ಲಿ ಯುನೆಸ್ಕೋ ಸಂಸ್ಥೆಯವರು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದುದು ವಾಚಕರಿಗೆ ವಿದಿತವೇ ಆಗಿದೆ. ಆದರೆ ಈ ಗುಡಿಗಳನ್ನು ನೋಡಿಬಂದವರು ಅಲ್ಲಿಂದ ಹೊತ್ತುತರುವ ಕಥೆ ಬಹುಮಟ್ಟಿಗೆ ಒಂದೇ. ಜಕಣಾಚಾರಿಯೆಂಬ ಮಹಾಶಿಲ್ಪಿಯು ಇವೆಲ್ಲವನ್ನೂ ಕಡೆದನು; ಬೇಲೂರಿನಲ್ಲಿ ಅವನ ಮಗನಾದ ಡಂಕಣನು, ತಂದೆಯೆಂದರಿಯದೆ, ವಿಗ್ರಹದ ಶಿಲೆಯಲ್ಲಿ ದೋಷವಿದೆಯೆಂದು ನುಡಿದು ಅದರೊಳಗಣ ಕಪ್ಪೆಯನ್ನು ತೋರಿಸಿದನು; ತಂದೆಯು ತನ್ನ ಬಲಗೈಯನ್ನು ತಾನೇ ಕಡಿದುಕೊಂಡನು; ತರುವಾಯ ಕೈದಾಳದಲ್ಲಿ ಕೇಶವನ ಗುಡಿಯನ್ನು ಕಟ್ಟಲು ಆ ಕೈ ಮರಳಿ ಬಂದಿತು. ಕಥೆಯು ಮನೋಹರವಾದುದೇ. 1964ರಲ್ಲಿ ಅದು ಚಲಚ್ಚಿತ್ರವೂ ಆಯಿತು. ಶಿಲ್ಪಿಗಳಿಗೆ ಸರ್ಕಾರವು ಕೊಡುವ ಪ್ರಶಸ್ತಿಗೂ ಜಕಣಾಚಾರಿಯ ಹೆಸರೇ ಇದೆ; ಅದಕ್ಕೂ ನಮ್ಮ ಆಕ್ಷೇಪವಿಲ್ಲ. ಕಥೆಯನ್ನು ವಿಮರ್ಶೆಯ ಪೀಠದಲ್ಲಿ ಕುಳ್ಳಿರಿಸಿದುದರಿಂದ ನಮಗೆ ಒದಗಿರುವ ನಷ್ಟವನ್ನು ಕುರಿತೇ ಈ ನಾಲ್ಕು ಮಾತು.

ಸಂಸ್ಕೃತ ಪಾಠಶಾಲೆಯಲ್ಲಿ ಓದಿದವರೆಲ್ಲರೂ ಬಲ್ಲಾಳನ ಭೋಜಪ್ರಬಂಧವನ್ನು ಬಲ್ಲರು. ಹನ್ನೊಂದನೆಯ ಶತಮಾನದ ಭೋಜರಾಜನ ಸಭೆಯಲ್ಲಿ ಕಾಳಿದಾಸ, ಬಾಣ, ಮಾಘ, ಭವಭೂತಿಗಳೆಲ್ಲರೂ ಒಟ್ಟಿಗೆ ಕುಳಿತು ಸಮಸ್ಯಾಪೂರಣ ಮಾಡುತ್ತಾರೆ! ನಾವು ಅದನ್ನೋದಿ ನಕ್ಕು ನಲಿದೆವಲ್ಲದೆ, ಮಾಘನ ಶ್ಲೋಕವನ್ನು ಕಾಳಿದಾಸನದೆಂದು ಯಾವ ವಿದ್ಯಾರ್ಥಿಯೂ ಹೇಳಲಿಲ್ಲ. ಹೇಳಿದ್ದರೆ ಗುರುಗಳು ಸುಮ್ಮನಿರುತ್ತಿರಲಿಲ್ಲ. ಪದ್ಯವು ಕಿವಿಗೆ ಬಿದ್ದೊಡನೆ ಇದು ಭಾರವಿಯ ನಡೆ, ಇದು ಬೇರೊಬ್ಬನದೆಂದು ಅರಿಯುವುದೇ ವ್ಯುತ್ಪತ್ತಿಯ ಲಕ್ಷಣವಷ್ಟೆ. ಕಾವ್ಯದಲ್ಲಿ ಇಷ್ಟು ವಿವೇಕವುಳ್ಳ ನಾವು ಶಿಲ್ಪದ ಮುಂದೆ ನಿಂತಾಗ ಅದನ್ನು ಪಾದರಕ್ಷೆಗಳೊಡನೆ ಹೊರಗೆ ಬಿಟ್ಟುಬರುವುದೇಕೆ?

ಬೇಲೂರಿನಲ್ಲಿ ವಿಷ್ಣುವರ್ಧನನು ವಿಜಯನಾರಾಯಣನನ್ನು ಪ್ರತಿಷ್ಠಿಸಿದುದು 1117ರಲ್ಲಿ; ಸೋಮನಾಥಪುರದ ಕೇಶವನು ಪ್ರತಿಷ್ಠಿತನಾದುದು 1258ರಲ್ಲಿ. ನಡುವೆ 141 ವರ್ಷಗಳು. ಒಬ್ಬನೇ ಕಡೆದನೆಂಬುದಕ್ಕೆ ಇಲ್ಲಿ ಎಡೆಯೆಲ್ಲಿ? ‘ದಕ್ಷಿಣಾಚಾರ್ಯ’ ಎಂಬ ಸಾಮಾನ್ಯ ನಾಮವೇ ಜಕಣನಾಯಿತೆಂದು ಊಹಿಸಿದವರೂ ಉಂಟು. ಅದಂತಿರಲಿ. ಶಿಲ್ಪಿಗಳ ಹೆಸರಿಗಾಗಿ ಊಹೆಗೆ ಮೊರೆಹೋಗಬೇಕಾದ ದೈನ್ಯವೇ ನಮಗಿಲ್ಲ. ಪೀಠಗಳ ಮೇಲೆ ಅವರೇ ತಮ್ಮ ಹೆಸರುಗಳನ್ನು ಕೊರೆದಿದ್ದಾರೆ. ಶಾಸನಗಳು ಇವರನ್ನು ರೂವಾರಿಗಳೆನ್ನುತ್ತವೆ. ಬೇಲೂರಿನ ಮದನಿಕೆಯರ ಕೆಳಗೆ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ಇದ್ದಾರೆ; ಎದುರಾಳಿ ಶಿಲ್ಪಿಗಳ ಮದವನ್ನಡಗಿಸುವವರೆಂಬರ್ಥದ ಬಿರುದುಗಳೂ ಈ ರೂವಾರಿಗಳಿಗುಂಟು. (ಆತ್ಮಪ್ರಶಂಸೆ ಕವಿಗಳ ಸ್ವತ್ತೆಂದು ತಿಳಿದವರು ಇದನ್ನು ಗಮನಿಸಬೇಕು.) ತಂದೆಮಕ್ಕಳ ಕಥೆಯೇ ಬೇಕೆಂದರೆ, ಕಪ್ಪೆಯ ಹಂಗಿಲ್ಲದೆ, ಇಲ್ಲಿಯೇ ಇದೆ. ಸೋಮನಾಥಪುರದಲ್ಲಿ ಮಸಣಿತಮ್ಮ, ಚೌಡೆಯ, ನಂಜೆಯ ಮುಂತಾದವರ ನಡುವೆ ಮಲ್ಲಿತಮ್ಮನೊಬ್ಬನ ಅಂಕಿತವೇ ಸುಮಾರು 40 ಮೂರ್ತಿಗಳ ಮೇಲಿದೆ. ಕೆಲವೆಡೆ ‘ಮಲ್ಲಿ’ ಎಂದು, ಕೆಲವೆಡೆ ಬರಿಯ ‘ಮ’ ಎಂದು. ಕೆಲಸದ ಒತ್ತಡವೋ, ಒಂದಕ್ಷರ ಸಾಕೆಂಬ ಆತ್ಮವಿಶ್ವಾಸವೋ! ಮಲ್ಲಿತಮ್ಮನ ಹೆಸರು 1196ರ ಅಮೃತಾಪುರದ ಗುಡಿಯಲ್ಲಿಯೂ ಇದೆ. ಇಬ್ಬರೂ ಒಬ್ಬನೇ ಆದರೆ ಅವನು 62 ವರ್ಷಕಾಲ ಉಳಿ ಹಿಡಿದನೆನ್ನಬೇಕು. ಇದು ಆಲೋಚಿಸತಕ್ಕ ವಿಷಯ.

ಹೆಸರುಗಳನ್ನರಿತುದರಿಂದ ಫಲವೇನೆಂದು ಕೇಳುವವರು ಚೆನ್ನರಾಯಪಟ್ಟಣದ ತಾಲ್ಲೂಕಿನ ನುಗ್ಗೇಹಳ್ಳಿಗೆ ಹೋಗಬೇಕು. ಅಲ್ಲಿಯ ಲಕ್ಷ್ಮೀನರಸಿಂಹ ದೇವಾಲಯವನ್ನು 1246ರಲ್ಲಿ, ವೀರಸೋಮೇಶ್ವರನ ಕಾಲದಲ್ಲಿ, ಬೊಮ್ಮಣ್ಣ ದಂಡನಾಯಕನು ಕಟ್ಟಿಸಿದನು. ದಕ್ಷಿಣದ ಗೋಡೆಯ ಮೂರ್ತಿಗಳು ಬೈಚೋಜನವು, ಉತ್ತರದವು ಮಲ್ಲಿತಮ್ಮನವು. ಒಂದೇ ಗುಡಿ, ಒಂದೇ ಬಳಪದ ಕಲ್ಲು, ಒಂದೇ ಶಾಸ್ತ್ರ, ಕೈ ಎರಡು. ವಿಮರ್ಶಕನಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆಯನ್ನು ನಾನರಿಯೆ. ಬೈಚೋಜನ ದೇವತೆಗಳಲ್ಲಿ ಒಂದು ಪ್ರಶಾಂತಿ ಇದೆ. ಆಭರಣವೆಷ್ಟಿದ್ದರೂ ಅಂಗದ ರೇಖೆ ಅದರಡಿಯಲ್ಲಿ ಮರೆಯಾಗದು. ಮಲ್ಲಿತಮ್ಮನದು ಚಟುವಟಿಕೆಯ ಕೈ. ಭಂಗಿಯಲ್ಲಿ ಜೀವವಿದೆ, ಆದರೆ ನಯವು ಅಷ್ಟಿಲ್ಲ. ನನ್ನ ಒಲವು ದಕ್ಷಿಣದ ಗೋಡೆಯ ಕಡೆಗೆ. ಉತ್ತರದ ಗೋಡೆಯ ಪಕ್ಷವನ್ನು ವಹಿಸುವ ಸಹೃದಯರಿದ್ದರೆ ಬಹಳ ಸಂತೋಷ; ವಾದಕ್ಕೆ ವಿಷಯವಾದರೂ ದೊರೆಯಿತು. ‘ದಂತದ ಕೆಲಸದಂತಿದೆ’ ಎಂಬ ಒಂದೇ ಉಪಮೆಯನ್ನು ಎಲ್ಲ ಗುಡಿಗಳಿಗೂ ಉಡಿಸುವವರಲ್ಲಿ ವಾದವೇ ಹುಟ್ಟದು.

ಶಿಲ್ಪಶಾಸ್ತ್ರದ ಕಟ್ಟಿರುವಾಗ ವ್ಯಕ್ತಿಯ ವೈಶಿಷ್ಟ್ಯಕ್ಕೆ ಎಡೆಯೆಲ್ಲಿಯದೆಂಬ ಆಕ್ಷೇಪ ಬರಬಹುದು. ಶಂಖ, ಚಕ್ರ, ಗದಾ, ಪದ್ಮಗಳು ಯಾವ ಯಾವ ಕೈಯಲ್ಲಿವೆ ಎಂಬ ಕ್ರಮದಿಂದಲೇ ಕೇಶವಾದಿ 24 ಮೂರ್ತಿಗಳು ಬೇರೆಬೇರೆಯಾಗುತ್ತವೆ; ರೂವಾರಿಯು ಅದನ್ನು ಕದಲಿಸುವಂತಿಲ್ಲ. ನಿಜ. ಮಂದಾಕ್ರಾಂತದ 17 ಅಕ್ಷರಗಳನ್ನು ಕವಿಯೂ ಕದಲಿಸುವಂತಿಲ್ಲ. ಕಟ್ಟು ಒಂದೇ ಆದುದರಿಂದಲೇ ಕೈಗಳ ಭೇದವು ಸ್ಪಷ್ಟವಾಗುತ್ತದೆ. ಸೊಂಟದ ಬಳುಕು, ತಲೆಯ ಮೇಲಣ ಎಲೆಬಳ್ಳಿಗಳ ತೋರಣ, ಪಕ್ಕದಲ್ಲಿ ನಿಂತ ಚಾಮರಧಾರಿಣಿಯ ಮುಖ: ಇವುಗಳಲ್ಲಿ ರೂವಾರಿಯು ಸ್ವತಂತ್ರನು.

ಆರ್. ನರಸಿಂಹಾಚಾರ್ಯರ ‘ಕವಿಚರಿತೆ’ಯ ಮೊದಲ ಸಂಪುಟವು 1907ರಲ್ಲಿ ಹೊರಬಂದು, ಮರೆತುಹೋಗಿದ್ದ ಎಷ್ಟೋ ಕನ್ನಡ ಕವಿಗಳ ಹೆಸರುಗಳನ್ನು ನಮಗೆ ಮರಳಿಸಿತು. ಮೈಸೂರಿನ ಪುರಾತತ್ತ್ವ ಇಲಾಖೆಯಲ್ಲಿದ್ದುಕೊಂಡು ರೂವಾರಿಗಳ ಅಂಕಿತಗಳನ್ನು ಓದಿ ದಾಖಲಿಸಿದವರೂ ಅವರೇ. ಸೋಮನಾಥಪುರದ ಗುಡಿಯನ್ನು ಕುರಿತ ಅವರ ಗ್ರಂಥವು 1917ರದು. ಮೊದಲನೆಯ ಕೆಲಸವು ಪಠ್ಯಪುಸ್ತಕಗಳಿಗೆ ಬಂದಿತು. ಎರಡನೆಯದು ಬಲ್ಲವರ ಕಪಾಟಿನಲ್ಲಿಯೇ ಉಳಿಯಿತು. ಪಂಪ ರನ್ನರನ್ನು ಒಪ್ಪಿಸುವ ಹುಡುಗನಿಗೆ ದಾಸೋಜನ ಹೆಸರು ತಿಳಿಯದು.

ಗುಡಿಗೆ ಹೋಗುವವರಿಗೆ ಒಂದು ಸೂಚನೆ. ಈ ಅಕ್ಷರಗಳು ಸಣ್ಣವು, ಆಳವೂ ಕಡಮೆ. ನಡುಹಗಲಿನಲ್ಲಿ ಕಾಣುವುದು ಕಷ್ಟ. ಬೆಳಗಿನ ಅಥವಾ ಸಂಜೆಯ ಓರೆ ಬೆಳಕಿನಲ್ಲಿ ಬಾಗಿ ಪೀಠವನ್ನು ನೋಡಬೇಕು. ಓದಲೆಂದು ಸೀಮೆಸುಣ್ಣವನ್ನು ತಿಕ್ಕುವವರುಂಟು, ಅದು ಕೂಡದು.