ಒಂದೇ ಮಳೆಗಾಲದ ಲೀಗ್

2016ರ ಜುಲೈ 31. ಹೈದರಾಬಾದಿನಲ್ಲಿ ಮಹಿಳಾ ಕಬಡ್ಡಿ ಚಾಲೆಂಜ್‌ನ ಫೈನಲ್. ಸ್ಟಾರ್ಮ್ ಕ್ವೀನ್ಸ್ ನಾಯಕಿ ತೇಜಸ್ವಿನಿ ಬಾಯಿ, ಫೈರ್ ಬರ್ಡ್ಸ್ ನಾಯಕಿ ಕಾರ್ಕಳದ ಹೆರ್ಮುಂಡೆಯ ಮಮತಾ ಪೂಜಾರಿ. ಇಬ್ಬರೂ ಕರ್ನಾಟಕದವರು, ಇಬ್ಬರೂ ಅರ್ಜುನ ಪ್ರಶಸ್ತಿ ಪಡೆದವರು, 2010 ಮತ್ತು 2014ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಒಟ್ಟಿಗೆ ಚಿನ್ನ ಗೆದ್ದವರು. ಸ್ಟಾರ್ಮ್ ಕ್ವೀನ್ಸ್ 24–23ರಿಂದ ಗೆದ್ದಿತು. ಇಷ್ಟು ಬಿಗಿಯಾದ ಆಟ ಕಂಡ ಮೇಲೂ ಸಂಘಟಕರು ಎರಡನೇ ವರ್ಷ ಆ ಟೂರ್ನಿ ನಡೆಸಲಿಲ್ಲ.

ಪ್ರೊ ಕಬಡ್ಡಿ ಲೀಗ್ ಗಂಡಸರ ಬದುಕು ಬದಲಿಸಿದ್ದು ನಿಜ. 2014ರ ಮೊದಲ ಹರಾಜಿನಲ್ಲಿ ರಾಕೇಶ್ ಕುಮಾರ್‌ಗೆ ಸಿಕ್ಕ 12.80 ಲಕ್ಷ ರೂಪಾಯಿಯೇ ದೊಡ್ಡ ಸುದ್ದಿ. 2022ರಲ್ಲಿ ಪವನ್ ಸೆಹ್ರಾವತ್ ಬೆಲೆ 2.26 ಕೋಟಿಗೆ ಏರಿತು. ಆಟ ಬಿಟ್ಟವರಿಗೂ ದಾರಿ ತೆರೆಯಿತು: ನಮ್ಮ ಬಿ.ಸಿ. ರಮೇಶ್ ಕೋಚ್ ಆಗಿ 2019ರಲ್ಲಿ ಬೆಂಗಾಲ್ ವಾರಿಯರ್ಸ್‌ಗೆ, ಮುಂದೆ ಪುಣೇರಿ ಪಲ್ಟನ್‌ಗೆ ಕಪ್ ಗೆಲ್ಲಿಸಿಕೊಟ್ಟರು. ಈ ಏಣಿಯ ಒಂದು ಮೆಟ್ಟಿಲೂ ಹೆಣ್ಣುಮಕ್ಕಳ ಪಾಲಿಗೆ ಉಳಿಯಲಿಲ್ಲ. ಮಮತಾ ಅವರಂಥವರ ಕೈಹಿಡಿದದ್ದು ರೈಲ್ವೆ ನೌಕರಿ. ಅದು ಸಣ್ಣ ಉಪಕಾರವಲ್ಲ. ಆದರೆ ಆಟದಿಂದ ನೌಕರಿ ಸಿಗುವುದೇ ಬೇರೆ, ಆಟವೇ ನೌಕರಿಯಾಗುವುದೇ ಬೇರೆ.

ಆಟಕ್ಕೆ ಕೂಲಿ ಕೊಡಬೇಕೇ ಎಂಬ ಜಗಳ ಹಳೆಯದು. ರಗ್ಬಿ ಲೀಗ್ ಎಂಬ ಆಟ ಹುಟ್ಟಿದ್ದೇ ಅದರಿಂದ. ಉತ್ತರ ಇಂಗ್ಲೆಂಡಿನ ಗಿರಣಿ, ಗಣಿ ಕೆಲಸಗಾರರು ಆಡಲು ಹೋದರೆ ಅವತ್ತಿನ ಕೂಲಿ ಖೋತಾ. ಅದನ್ನು ತುಂಬಿಕೊಡಲು ರಗ್ಬಿಯ ದೊಡ್ಡವರು ಒಪ್ಪಲಿಲ್ಲ. 1895ರಲ್ಲಿ ಹಡರ್ಸ್‌ಫೀಲ್ಡ್‌ನ ಹೋಟೆಲೊಂದರಲ್ಲಿ ಸೇರಿದ ಕ್ಲಬ್ಬುಗಳು ಬೇರೆಯಾದವು. ಅದೇ ಆಟದ ಆಸ್ಟ್ರೇಲಿಯಾ ಮಹಿಳಾ ಲೀಗ್ 2018ರಲ್ಲಿ ನಾಲ್ಕು ತಂಡಗಳಿಂದ ಶುರುವಾಗಿ 2025ಕ್ಕೆ ಹನ್ನೆರಡಕ್ಕೆ ಬೆಳೆಯಿತು. ನಮ್ಮದು ಅವರಿಗಿಂತ ಎರಡು ವರ್ಷ ಮೊದಲೇ ಮೂರು ತಂಡಗಳಿಂದ ಶುರುವಾಗಿತ್ತು. ಅಲ್ಲಿ ಬಿಡದೆ ಮುಂದುವರಿಸಿದರು, ಇಲ್ಲಿ ಒಂದೇ ಸಲ ಆಡಿಸಿ ಕೈಬಿಟ್ಟರು. ನನ್ನ ತಕರಾರು ಇಷ್ಟೇ.

ಕೈಬಿಟ್ಟದ್ದು ಎಂಥ ಆಟವನ್ನು ಎಂದು ತಿಳಿಯಲು ಇಲ್ಲಿ ನಮ್ಮೂರಿನ ವಿದ್ಯಾಗಿರಿಯಲ್ಲಿ ಕಾಲೇಜು ಹುಡುಗಿಯರ ಪಂದ್ಯ ನೋಡಬೇಕು. ರೇಡ್‌ಗೆ ಹೋದವಳು ಬೋನಸ್ ಗೆರೆ ದಾಟಿಸಿ ಕಾಲು ಚಾಚಿದರೆ, ಕಾರ್ನರಿನವಳು ಆತುರಪಡದೆ, ಆಕೆ ತೂಕವನ್ನು ಹಿಂದಿನ ಕಾಲಿಗೆ ಬದಲಿಸುವ ಗಳಿಗೆಗೇ ಕಾದು ಹಿಮ್ಮಡಿಗೆ ಕೈ ಹಾಕುತ್ತಾಳೆ. ಕವರಿನವರು ಮೇಲೆ ಬೀಳುವಷ್ಟರಲ್ಲಿ ರೇಡಿನ ಮೂವತ್ತು ಸೆಕೆಂಡು ಮುಗಿಯುತ್ತ ಬಂದಿರುತ್ತದೆ. ಇದು ವರ್ಷಗಟ್ಟಲೆ ಬೆವರು ಹರಿಸಿ ಕಲಿತ ವಿದ್ಯೆ. ಡಿಗ್ರಿ ಮುಗಿದ ಮೇಲೆ ‘ಮುಂದೇನವ್ವಾ?’ ಎಂದು ಮನೆಯಲ್ಲಿ ಕೇಳಿದರೆ ಆ ಹುಡುಗಿ ತೋರಿಸಲು ಪ್ರೊ ಕಬಡ್ಡಿಯಂಥ ಒಂದು ಲೀಗ್ ಇಲ್ಲ.

ಮಹಿಳಾ ಲೀಗ್ ನಡೆಸಲು ಖರ್ಚಿನ ನೆಪ ಹೇಳಿದರೆ ನನಗೆ ಒಪ್ಪಿಗೆಯಾಗದು. ಗಂಡಸರ ಲೀಗಿಗಾಗಿ ಕ್ರೀಡಾಂಗಣ, ಮ್ಯಾಟ್, ಅಂಪೈರು, ಕ್ಯಾಮೆರಾ ಎಲ್ಲವೂ ಹೇಗೂ ಸಜ್ಜಾಗಿರುತ್ತವೆ. ಹೆಣ್ಣುಮಕ್ಕಳ ಅಂಕಣ ತುಸು ಚಿಕ್ಕದು, ಅದೇ ಮ್ಯಾಟಿನ ಮೇಲೆ ಗೆರೆ ಬದಲಿಸಿದರಾಯಿತು. ಪ್ರತಿ ಫ್ರಾಂಚೈಸಿಯೂ ಒಂದೊಂದು ಮಹಿಳಾ ತಂಡ ಕಟ್ಟಲೇಬೇಕೆಂಬ ಷರತ್ತು ಹಾಕಿ, ಸಂಘಟಕರು ಐದು ವರ್ಷ ತಪ್ಪದೆ ಲೀಗ್ ನಡೆಸಲಿ.