ಅಂಗೈಯೊಳಗಿನ ಮೌಸು

1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಗಣಕ ಸಂಶೋಧಕ ಡಗ್ಲಸ್ ಎಂಗೆಲ್‌ಬಾರ್ಟರು ವಿದ್ವಜ್ಜನರ ಸಭೆಗೆ ತೋರಿದ ಕಂಪ್ಯೂಟರ್ ಮೌಸಿಗೆ ಬಾಲದಂತೆ ತಂತಿಯೊಂದಿದ್ದಿತು. ಆ ಬಾಲವನ್ನು ಕಳಚಿಕೊಂಡು, ಉಗುರಿನಷ್ಟು ಚಿಕ್ಕದಾದ ರಿಸೀವರಿನೊಡನೆ 2.4 ಗಿಗಾಹರ್ಟ್ಸ್‌ನ ರೇಡಿಯೋ ತರಂಗಗಳ ಮೂಲಕ ಸಂವಾದಿಸುವ ಇಂದಿನ ವೈರ್‌ಲೆಸ್ ಮೌಸು, ಲ್ಯಾಪ್‌ಟಾಪಿನ ಟಚ್‌ಪ್ಯಾಡನ್ನು ತೀಡಿ ತೀಡಿ ಬಳಲಿದ ಬೆರಳುಗಳಿಗೆ ನಿಜವಾದ ವಿಶ್ರಾಂತಿಯನ್ನೀಯುತ್ತದೆ.

ಕೊಳ್ಳುವಾಗ ಬೆಲೆಗಿಂತ ಮೊದಲು ಅಂಗೈಯ ಅಳತೆಯನ್ನು ನೋಡತಕ್ಕದ್ದು: ಮೌಸಿನ ಬೆನ್ನು ಅಂಗೈಯ ಗುಳಿಯಲ್ಲಿ ನೆಲೆಗೊಂಡು, ಬೆರಳುಗಳು ಗುಂಡಿಗಳ ಮೇಲೆ ಅನಾಯಾಸವಾಗಿ ಒರಗಿ, ಮಣಿಕಟ್ಟು ಸೊಟ್ಟಗಾಗದೆ ಉಳಿದರೆ ಅದೇ ನಿಮಗೆ ತಕ್ಕುದು. ಅಡಿಯಲ್ಲಿನ ಸೆನ್ಸರು ಬೆಳಕಿನ ನೆರವಿನಿಂದ ಮೇಜಿನ ಸೂಕ್ಷ್ಮವಾದ ಒರಟುತನವನ್ನು ಕಂಡು ಚಲನೆಯನ್ನು ಅಳೆಯುವುದರಿಂದ, ನುಣುಪಾದ ಗಾಜಿನ ಮೇಲೆ ಅದು ತಡವರಿಸುವುದುಂಟು. ಆಗ ಒಂದು ನೋಟ್‌ಪುಸ್ತಕವನ್ನು ಹಾಸಿದರೆ ಸಾಕು, ತೆರೆಯ ಮೇಲಿನ ಬಾಣ ಕೈಯ ಇಂಗಿತವನ್ನರಿತು ಓಡುವುದು. ಕೆಲಸ ಮುಗಿದೊಡನೆ ಸ್ವಿಚ್ಚನ್ನು ಆರಿಸಿರಿ. ಹಾಗೆ ಮಾಡಿದರೆ ಒಂದು ಸೆಲ್ಲು ತಿಂಗಳುಗಟ್ಟಲೆ ಬಾಳುತ್ತದೆ.